ಕರ್ತನ ದಿನದ ಆರಾಧನೆಯೂ ಬರಿದಾದ ಸ್ಥಳವೂ

(ಓದಿ ಧ್ಯಾನಿಸತಕ್ಕ ವೇದಭಾಗಗಳು: ಇಬ್ರಿಯರಿಗೆ ಬರೆದ ಪತ್ರಿಕೆ ೧೦ನೆಯ ಅಧ್ಯಾಯ ೨೪, ೨೫ನೆಯ ವಚನಗಳು, ಯೋಹಾನನ ಸುವಾರ್ತೆ ೨೦ನೆಯ ಅಧ್ಯಾಯ ೧೯ರಿಂದ ೨೯ನೆಯ ವಚನದ ವರೆಗೆ.)



ಬೇಗೂರಿನ ಮೇಲೆ ಹಾದುಹೋಗುವ ಹೆದ್ದಾರಿಗೆ ಭಾನುವಾರವೆಂಬ ದಿನವಿಲ್ಲ. ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಗುಂಡ್ಲುಪೇಟೆಗೂ ಬಂಡೀಪುರದ ಕಾಡಿಗೂ ಊಟಿಯ ಬೆಟ್ಟಕ್ಕೂ ಹೋಗುವ ವಾಹನಗಳು ಆ ದಿನವೇ ಹೆಚ್ಚಾಗಿ ಓಡುವವು. ಟೊಮೆಟೊ, ಬಾಳೆ, ಈರುಳ್ಳಿ ತುಂಬಿದ ಲಾರಿಗಳು ವಾರವನ್ನು ನೋಡಿ ನಿಲ್ಲುವದಿಲ್ಲ. ಚೆಂಡುಹೂವಿನ ಕೊಯ್ಲು ಬಂತೆಂದರೆ, ಬಿರಿದ ಹೂವು ಸೋಮವಾರದ ವರೆಗೆ ಕಾಯುವದಿಲ್ಲವೆಂದು ಹೊಲದ ಯಜಮಾನನು ಹೇಳುತ್ತಾನೆ. ಕೂಲಿಯವರನ್ನು ಕರೆದೊಯ್ಯುವ ಗಾಡಿಯು ಬೆಳಿಗ್ಗೆ ಆರು ಗಂಟೆಗೇ ಬೀದಿಯ ಬಾಯಲ್ಲಿ ಬಂದು ನಿಂತಿರುತ್ತದೆ. ನಮ್ಮ ಪ್ರಾರ್ಥನಾಮಂದಿರದ ಗಂಟೆಯನ್ನು ಬಾರಿಸುವದು ಒಂಬತ್ತು ಗಂಟೆಗೆ. ಅಷ್ಟರಲ್ಲಿ ಅದನ್ನು ಕೇಳತಕ್ಕವರಲ್ಲಿ ಅರ್ಧ ಜನರು ಹೊಲದಲ್ಲಿರುವರು. ಉಳಿದವರಲ್ಲಿ ಕೆಲವರು ಇನ್ನೂ ಹಾಸಿಗೆಯಲ್ಲಿಯೂ, ಕೆಲವರು ಮೊಬೈಲಿನ ಮುಂದೆಯೂ, ಕೆಲವರು ನೆಂಟರ ಮನೆಗೆ ಹೊರಟ ಬಸ್ಸಿನಲ್ಲಿಯೂ ಇರುವರು. ಗಂಟೆಯ ಧ್ವನಿಯೇನೋ ಎಂದಿನಂತೆ ಗಟ್ಟಿಯಾಗಿಯೇ ಇದೆ.

ಈ ಮಾತುಗಳನ್ನು ನಾನು ಗದರಿಸುವದಕ್ಕಾಗಿ ಬರೆಯುತ್ತಿಲ್ಲ. ಗದರಿಸುವ ಯೋಗ್ಯತೆ ನನಗಿಲ್ಲವೆಂಬುದು ನಾನು ಈಗ ಅರಿಕೆಮಾಡುವ ಸಂಗತಿಯಿಂದಲೇ ನಿಮಗೆ ತಿಳಿಯುವದು.

ಕೆಲವು ವರುಷಗಳ ಹಿಂದೆ ಹಿಂಗಾರು ಮಳೆ ಹಿಡಿದ ಒಂದು ಭಾನುವಾರ ನಾನು ಈ ಸೀಮೆಯ ಒಂದು ಚಿಕ್ಕ ಹಳ್ಳಿಗೆ ಹೋಗಿ ಆರಾಧನೆಯನ್ನು ನಡಿಸಬೇಕಾಗಿತ್ತು. ಅಲ್ಲಿರುವದು ಏಳೆಂಟು ಮನೆಗಳ ಸಭೆ. ಹಿಂದಿನ ಭಾನುವಾರ ಬಂದವರು ನಾಲ್ವರೇ. ರಾತ್ರಿಯೆಲ್ಲಾ ಸುರಿದ ಮಳೆಯಿಂದ ದಾರಿಯು ಕೆಸರಾಗಿದ್ದದ್ದನ್ನು ನೋಡಿ, ಈ ಹೊತ್ತು ಯಾರೂ ಬರಲಾರರೆಂದು ನನ್ನೊಳಗೆ ನಾನೇ ತೀರ್ಮಾನಿಸಿಕೊಂಡು ಮನೆಯಲ್ಲಿಯೇ ಉಳಿದೆನು. ಮಂದಿರದ ಬೀಗದ ಕೈ ನನ್ನ ಬಳಿಯಲ್ಲಿಯೇ ಇತ್ತು. ಮನೆಯಲ್ಲಿ ವೇದವನ್ನು ಓದಿ ಪ್ರಾರ್ಥನೆಮಾಡಿದೆನು. ಅದರಿಂದ ನನ್ನ ಕರ್ತವ್ಯವು ತೀರಿತೆಂದು ನೆನಸಿದೆನು.

ಮಾರನೆಯ ದಿನ ಆ ಹಳ್ಳಿಗೆ ಹೋದಾಗ ಒಬ್ಬ ವೃದ್ಧ ವಿಧವೆಯು ನನ್ನನ್ನು ಕಂಡಳು. ಆಕೆಯ ಮನೆ ಹಳ್ಳಿಯಿಂದ ಒಂದು ಮೈಲಿಯಷ್ಟು ದೂರದಲ್ಲಿದೆ. ಭಾನುವಾರ ಗೋಣಿಯ ಕೊಪ್ಪೆಯನ್ನು ತಲೆಯ ಮೇಲೆ ಹಾಕಿಕೊಂಡು ಆ ಕೆಸರಿನಲ್ಲಿ ನಡೆದು ಬಂದು, ಬಾಗಿಲು ಮುಚ್ಚಿದ್ದನ್ನು ನೋಡಿ, ಜಗಲಿಯ ಮೇಲೆ ಮಧ್ಯಾಹ್ನದ ವರೆಗೆ ಕೂತಿದ್ದಳು. ನಾನು ನಾಚಿಕೊಂಡು, "ಅವ್ವಾ, ನನ್ನಿಂದ ತಪ್ಪಾಯಿತು" ಎಂದೆನು. ಆಕೆಯು ಕೋಪಿಸಿಕೊಳ್ಳಲಿಲ್ಲ. "ಇರ್ಲಿ ಬುಡಿ ಅಯ್ನೋರೇ. ಬೀಗ ಹಾಕಿದ್ರೂ ಜಗಲಿ ಇತ್ತಲ್ಲ. ಪ್ರಾರ್ಥನೆಯ ಒಬ್ಳೇ ಮಾಡ್ಕೊಂಡೆ. ಕೀರ್ತನೆ ಮಾತ್ರ ಒಬ್ಳೇ ಹಾಡೋಕಾಗ್ನಿಲ್ಲ" ಅಂದಳು.

ಪ್ರಿಯರೇ, ವೇದಶಾಲೆಯಲ್ಲಿ ಕರ್ತನ ದಿನದ ವಿಷಯವಾಗಿ ನಾನು ಅನೇಕ ಪಾಠಗಳನ್ನು ಕಲಿತಿದ್ದೆನು. ಆದರೆ ಈ ಒಂದು ಪಾಠವನ್ನು ಆ ತಾಯಿಯಿಂದ ಕಲಿಯಬೇಕಾಯಿತು. ನಾನು ಮನೆಯಲ್ಲಿ ಉಳಿದುಕೊಂಡದ್ದರಿಂದ ನನಗಾದ ನಷ್ಟವನ್ನು ಮಾತ್ರ ಲೆಕ್ಕಿಸಿಕೊಂಡಿದ್ದೆನು. ಆಕೆಗಾದ ನಷ್ಟವನ್ನು ನಾನು ನೆನಸಿಯೇ ಇರಲಿಲ್ಲ. ಸಭೆಯಲ್ಲಿ ನನ್ನ ಸ್ಥಳವು ಬರಿದಾದರೆ ನನ್ನ ಪಕ್ಕದಲ್ಲಿ ಕೂತವನ ಕೈಯಿಂದ ನಾನು ಏನನ್ನೋ ಕಸಕೊಂಡ ಹಾಗಾಯಿತು. ಈ ತಿಂಗಳು ನಿಮ್ಮ ಮುಂದೆ ಇಡಬೇಕೆಂದಿರುವದು ಈ ಒಂದೇ ಮಾತು.

ಒಂದನೆಯದು: ಈ ದಿನವು ಮೊದಲಿನಿಂದಲೂ ಕೂಡಿಬರುವ ದಿನವಾಗಿದೆ.

ಸಬ್ಬತ್ತಿನ ಆಜ್ಞೆಯನ್ನು ವಿಮೋಚನಕಾಂಡದ ೨೦ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ ೫ನೆಯ ಅಧ್ಯಾಯದಲ್ಲಿಯೂ ಓದುತ್ತೇವೆ. ಮೊದಲನೆಯ ಕಡೆಯಲ್ಲಿ ದೇವರು ಸೃಷ್ಟಿಯ ಕಾರ್ಯವನ್ನು ಮುಗಿಸಿ ವಿಶ್ರಮಿಸಿಕೊಂಡದ್ದು ಕಾರಣವಾಗಿ ಹೇಳಲ್ಪಟ್ಟಿದೆ. ಎರಡನೆಯ ಕಡೆಯಲ್ಲಿಯಾದರೋ, ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದದ್ದನ್ನು ಮರೆಯದೆ ತಮ್ಮ ಆಳುಗಳಿಗೂ ತಮ್ಮಂತೆಯೇ ವಿಶ್ರಾಂತಿಯನ್ನು ಕೊಡಬೇಕೆಂಬ ಕಾರಣವಿದೆ. ಒಬ್ಬನು ತಾನು ಮಾತ್ರ ದಣಿವಾರಿಸಿಕೊಂಡರೆ ಸಾಲದು. ತನ್ನ ಕೈಕೆಳಗಿನವನು ಸಹ ತಲೆ ಎತ್ತಿ ದೇವರನ್ನು ನೋಡಬೇಕು. ನಮ್ಮ ಕರ್ತನಾದರೂ ತನ್ನ ವಾಡಿಕೆಯ ಪ್ರಕಾರ ಸಬ್ಬತ್ ದಿನದಲ್ಲಿ ಸಭಾಮಂದಿರಕ್ಕೆ ಹೋದನೆಂದು ಲೂಕನು ೪ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಬೆಟ್ಟದ ಮೇಲೆ ಒಂಟಿಯಾಗಿ ರಾತ್ರಿಯೆಲ್ಲಾ ಪ್ರಾರ್ಥಿಸಬಲ್ಲ ಆತನೇ ಊರಿನ ಜನರ ಸಂಗಡ ಸಾಲಿನಲ್ಲಿ ಕೂತುಕೊಳ್ಳುವದನ್ನು ವಾಡಿಕೆಯಾಗಿ ಇಟ್ಟುಕೊಂಡಿದ್ದನು.

ಆತನು ವಾರದ ಮೊದಲನೆಯ ದಿನದಲ್ಲಿ ಸತ್ತವರೊಳಗಿಂದ ಎದ್ದನು. ಆದಕಾರಣ ಶಿಷ್ಯರು ಆ ದಿನದಲ್ಲಿ ರೊಟ್ಟಿ ಮುರಿಯುವದಕ್ಕೆ ಕೂಡಿಬರತೊಡಗಿದರು. ತ್ರೋವದಲ್ಲಿ ಪೌಲನು ಮಧ್ಯರಾತ್ರಿಯ ವರೆಗೆ ಪ್ರಸಂಗಿಸುತ್ತಿರಲು, ತೂಕಡಿಸಿದ ಒಬ್ಬ ಯೌವನಸ್ಥನು ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ ಸಂಗತಿಯನ್ನು ನೀವು ಬಲ್ಲಿರಿ. ಆ ಕೂಟವು ರಾತ್ರಿಯಲ್ಲಿ ಯಾಕೆ ನಡೆಯಿತು? ಆ ಕಾಲದಲ್ಲಿ ಭಾನುವಾರಕ್ಕೆ ರಜವಿರಲಿಲ್ಲ. ವಿಶ್ವಾಸಿಗಳಲ್ಲಿ ಅನೇಕರು ಕೂಲಿಯವರೂ ದಾಸರೂ ಆಗಿದ್ದರು. ಹಗಲೆಲ್ಲಾ ದುಡಿದು ದಣಿದವನಿಗೆ ಪ್ರಸಂಗದಲ್ಲಿ ನಿದ್ರೆ ಬಂದರೆ ಆಶ್ಚರ್ಯವೇನು? ಆದರೂ ಅವನು ಬಂದಿದ್ದನು. ಕ್ರಿಸ್ತಶಕ ೧೧೨ರ ಸುಮಾರಿಗೆ ಪ್ಲಿನಿಯೆಂಬ ರೋಮೀಯ ಅಧಿಪತಿಯು ಕ್ರೈಸ್ತರ ವಿಷಯದಲ್ಲಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಇವರು ಗೊತ್ತಾದ ಒಂದು ದಿನ ಬೆಳಗಾಗುವದಕ್ಕೆ ಮೊದಲೇ ಕೂಡಿ ಕ್ರಿಸ್ತನಿಗೆ ಸ್ತುತಿಗೀತವನ್ನು ಹಾಡುವರೆಂದು ತಿಳಿಸಿದ್ದಾನೆ. ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ, ಹೀಗೆ ಅವರು ಹೊತ್ತನ್ನು ಹುಡುಕಿಕೊಂಡರೇ ಹೊರತು ಕೂಟವನ್ನು ಬಿಡಲಿಲ್ಲ.

ಎರಡನೆಯ ಶತಮಾನದ ನಡುವಿನಲ್ಲಿ ರೋಮಾಪುರದಲ್ಲಿದ್ದ ಯುಸ್ತೀನನೆಂಬ ರಕ್ತಸಾಕ್ಷಿಯು ಭಾನುವಾರದ ಆರಾಧನೆಯ ಕ್ರಮವನ್ನು ಬರೆದಿಟ್ಟಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೇ ಸ್ಥಳಕ್ಕೆ ಬರುವರು; ಅಪೊಸ್ತಲರ ಬರಹಗಳನ್ನಾಗಲಿ ಪ್ರವಾದಿಗಳ ಗ್ರಂಥಗಳನ್ನಾಗಲಿ ಓದುವರು; ಮುಖ್ಯಸ್ಥನು ಬುದ್ಧಿಹೇಳುವನು; ಎಲ್ಲರೂ ಎದ್ದು ಪ್ರಾರ್ಥಿಸುವರು; ಕರ್ತನ ಭೋಜನದಲ್ಲಿ ಪಾಲುತಕ್ಕೊಳ್ಳುವರು; ಇದ್ದವರು ಕೊಟ್ಟ ಹಣದಿಂದ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರಸ್ಥಳದವರಿಗೂ ಸಹಾಯವಾಗುವದು. ಇದರಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿರಿ. ಬರಲಾರದೆ ಹೋದವರ ಪಾಲನ್ನು ಸಭಾಸೇವಕರು ಅವರ ಮನೆಗೆ ತಕ್ಕೊಂಡು ಹೋಗುತ್ತಿದ್ದರು. ಯಾರು ಬರಲಿಲ್ಲವೆಂಬುದು ಸಭೆಗೆ ತಿಳಿದಿತ್ತು. ಬರಿದಾದ ಸ್ಥಳವನ್ನು ಅವರು ಎಣಿಸುತ್ತಿದ್ದರು. ಗದರಿಸುವದಕ್ಕಲ್ಲ, ಪಾಲನ್ನು ಮುಟ್ಟಿಸುವದಕ್ಕೆ.

ಎರಡನೆಯದು: ನೆರೆಯವರ ಕಟ್ಟಳೆಯೂ ನಮ್ಮ ಸ್ವಾತಂತ್ರ್ಯವೂ.

ನಮ್ಮ ಜಿಲ್ಲೆಯಲ್ಲಿ ರೋಮನ್ ಕಥೋಲಿಕ ಸಹೋದರರು ಅನೇಕರಿದ್ದಾರೆ. ಕೊಳ್ಳೇಗಾಲದ ಆಚೆ ಕಾಮಗೆರೆ, ಮಾರ್ಟಳ್ಳಿ ಮುಂತಾದ ಕಡೆಗಳಲ್ಲಿ ಅವರ ದೊಡ್ಡ ಸಭೆಗಳಿವೆ. ಭಾನುವಾರದ ವಿಷಯದಲ್ಲಿ ಅವರಿಗೆ ಸ್ಪಷ್ಟವಾದ ಕಟ್ಟಳೆಯುಂಟು. ೧೯೮೩ರಲ್ಲಿ ಹೊರಟ ಅವರ ಸಭಾನಿಯಮಗಳಲ್ಲಿ, ಭಾನುವಾರಗಳಲ್ಲಿಯೂ ನೇಮಕವಾದ ಹಬ್ಬಗಳಲ್ಲಿಯೂ ಪ್ರತಿಯೊಬ್ಬ ವಿಶ್ವಾಸಿಯು ಬಲಿಪೂಜೆಯಲ್ಲಿ ಪಾಲುಗೊಳ್ಳಲೇಬೇಕೆಂದೂ, ಆರಾಧನೆಗೂ ಆ ದಿನದ ಸಂತೋಷಕ್ಕೂ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಬಿಡಬೇಕೆಂದೂ ವಿಧಿಸಲ್ಪಟ್ಟಿದೆ. ತಕ್ಕ ಕಾರಣವಿಲ್ಲದೆ ಬೇಕೆಂದೇ ತಪ್ಪಿಸಿಕೊಳ್ಳುವದು ಘೋರಪಾಪವೆಂದು ಅವರ ಧರ್ಮೋಪದೇಶವು ಬೋಧಿಸುತ್ತದೆ. ರೋಗಿಗಳನ್ನೂ ಎಳೆಮಕ್ಕಳನ್ನು ನೋಡಿಕೊಳ್ಳುವವರನ್ನೂ ಆ ನಿಯಮವು ಹಿಂಸಿಸುವದಿಲ್ಲ. ಭಾನುವಾರ ಬರಲಾರದವನು ಶನಿವಾರ ಸಂಜೆಯ ಪೂಜೆಗೆ ಬಂದರೂ ಸರಿ. ಗುರುಗಳಿಲ್ಲದ ಊರಿನಲ್ಲಿ ಜನರು ವಾಕ್ಯಪಠನಕ್ಕಾಗಿ ಕೂಡಬೇಕೆಂದೂ, ಅದೂ ಆಗದಿದ್ದರೆ ಮನೆಮನೆಗಳಾಗಿ ಕೂಡಿ ಪ್ರಾರ್ಥಿಸಬೇಕೆಂದೂ ಸಲಹೆಯುಂಟು.

ಎರಡನೆಯ ವತಿಕಾನ್ ಮಹಾಸಭೆಯು ೧೯೬೩ರಲ್ಲಿ ಆರಾಧನೆಯ ವಿಷಯವಾದ ತೀರ್ಪನ್ನು ಹೊರಡಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯುವ ವರೆಗೆ ಅವರ ಪೂಜೆಯು ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ನಮ್ಮ ಹಳ್ಳಿಗಳ ಬಡ ಕಥೋಲಿಕರಿಗೆ ಆ ಭಾಷೆಯು ತಿಳಿಯದು. ಆದರೂ ಅವರು ಬಂದು ಮೊಣಕಾಲೂರಿದರು. ನಮಗಾದರೋ ಸತ್ಯವೇದವು ನೂರೈವತ್ತು ವರುಷಗಳಿಗಿಂತ ಹೆಚ್ಚು ಕಾಲದಿಂದ ಕನ್ನಡದಲ್ಲಿದೆ. ಪ್ರಾರ್ಥನೆಯೂ ಪ್ರಸಂಗವೂ ಕೀರ್ತನೆಯೂ ನಮ್ಮ ತಾಯಿಯ ನುಡಿಯಲ್ಲಿವೆ.

ನಾವು ಕಟ್ಟಳೆಗೆ ಅಧೀನರಲ್ಲ, ಕೃಪೆಗೆ ಅಧೀನರೆಂದು ಹೇಳಿಕೊಳ್ಳುತ್ತೇವೆ. ಅದು ಸತ್ಯವೇ. ಭಾನುವಾರದ ಹಾಜರಿಯಿಂದ ಯಾವನೂ ನೀತಿವಂತನೆನಿಸಿಕೊಳ್ಳಲಾರನು. ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ರಕ್ಷಣೆ. ಆದರೆ ಈ ಸ್ವಾತಂತ್ರ್ಯವನ್ನು ನಾವು ಏತಕ್ಕೆ ಉಪಯೋಗಿಸಿದ್ದೇವೆಂದು ಕೇಳಿಕೊಳ್ಳೋಣ. ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳಬೇಕೆಂಬ ನಿಯಮವನ್ನು ಯಾರೂ ಗೋಡೆಗೆ ಬರೆದು ಹಾಕಿರುವದಿಲ್ಲ. ಬರೆದು ಹಾಕಲಿಲ್ಲವೆಂದು ಮಗನು ತಿಂಗಳುಗಟ್ಟಲೆ ಅವಳ ಮುಖವನ್ನು ನೋಡದೆ ಇದ್ದರೆ, ಅದನ್ನು ಸ್ವಾತಂತ್ರ್ಯವೆನ್ನುವೆವೋ? ಕಟ್ಟಳೆಯಿಂದ ಬರುವವನಿಗಿಂತ ಪ್ರೀತಿಯಿಂದ ಬರುವವನು ಹೆಚ್ಚಾಗಿ ಬರಬೇಕಷ್ಟೆ. ಅವನು ವಾರಕ್ಕೊಂದು ಸಾರಿ ಬಂದು, ನಾವು ಕ್ರಿಸ್ತಜಯಂತಿಗೂ ಈಸ್ಟರ್ ಹಬ್ಬಕ್ಕೂ ಮದುವೆಗೂ ಮಾತ್ರ ಬರುವದಾದರೆ, ನಮ್ಮ ಪ್ರೀತಿಯು ಅವನ ಕಟ್ಟಳೆಗಿಂತ ಬಡವಾಯಿತಲ್ಲವೇ? ನೆರೆಯವನ ಬೋಧನೆಯೊಡನೆ ನಮಗೆ ಭೇದವಿದ್ದರೂ ಅವನ ನಿಷ್ಠೆಯಿಂದ ಕಲಿಯುವದಕ್ಕೆ ನಾಚಬೇಕಾಗಿಲ್ಲ.

ಮೂರನೆಯದು: ಕೂಡಿಬರಲಾರದವರು ನಮಗೆ ಕಲಿಸುವ ಪಾಠ.

ಬೇಗೂರಿನಲ್ಲಿ ಬಸ್ಸು ಹತ್ತಿ ನಂಜನಗೂಡು, ಮೈಸೂರುಗಳನ್ನು ದಾಟಿದರೆ ಅರ್ಧ ದಿನದೊಳಗೆ ಶ್ರೀರಂಗಪಟ್ಟಣವನ್ನು ಮುಟ್ಟಬಹುದು. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಿಂದ ಕನ್ನಡ ಕರಾವಳಿಯ ಕಥೋಲಿಕರನ್ನು ಸಾವಿರಾರು ಮಂದಿಯಾಗಿ ಹಿಡಿದು, ಘಟ್ಟಗಳನ್ನು ಹತ್ತಿಸಿ ಅಲ್ಲಿಗೆ ನಡಿಸಿಕೊಂಡು ಬಂದರು. ಅವರ ದೇವಾಲಯಗಳನ್ನು ಕೆಡವಿದರು. ಪಾದ್ರಿಗಳನ್ನು ಸೀಮೆಯಿಂದ ಹೊರಡಿಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಅನೇಕರು ಬಲವಂತದಿಂದ ಮತವನ್ನು ಬಿಡಬೇಕಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳುವ ವರೆಗೆ ಹದಿನೈದು ವರುಷಗಳ ಕಾಲ ಈ ಸೆರೆಯಿತ್ತು. ಈ ಕಥೆಯನ್ನು ಯಾರ ಮೇಲೆಯೂ ದ್ವೇಷವನ್ನು ಎಬ್ಬಿಸುವದಕ್ಕಾಗಿ ನಾನು ಹೇಳುತ್ತಿಲ್ಲ. ಅಂಥ ಹೇಳಿಕೆಯು ಕ್ರಿಸ್ತನ ಶಿಷ್ಯನಿಗೆ ತಕ್ಕದ್ದಲ್ಲ. ನಾನು ಕೇಳುವದು ಇಷ್ಟೇ: ಅಷ್ಟು ವರುಷಗಳ ಭಾನುವಾರಗಳನ್ನು ಎಣಿಸಿದರೆ ಏಳು ನೂರಕ್ಕಿಂತ ಹೆಚ್ಚಾಗುವವು. ದೇವಾಲಯವಿಲ್ಲದೆ, ಗುರುಗಳಿಲ್ಲದೆ, ಬಹಿರಂಗವಾದ ಕೂಟವಿಲ್ಲದೆ ಅಷ್ಟು ಭಾನುವಾರಗಳು ಹೋದ ಮೇಲೆ ಆರಾಧನೆಯ ಆಶೆಯೇ ಅವರಲ್ಲಿ ಸಾಯಬೇಕಾಗಿತ್ತಲ್ಲವೇ?

ಅದು ಸಾಯಲಿಲ್ಲ. ಬಿಡುಗಡೆಯಾದವರಲ್ಲಿ ಬಹು ಜನರು ಮಂಗಳೂರಿನ ಸೀಮೆಗೆ ಹಿಂದಿರುಗಿ, ಬಿದ್ದುಹೋಗಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು. ಮಂಗಳೂರಿನ ಮಿಲಾಗ್ರಿಸ್ ದೇವಾಲಯವು ಹೀಗೆ ಮತ್ತೆ ಎದ್ದುದು. ಮೈಸೂರು ಸೀಮೆಯಲ್ಲಿ ಉಳಿದವರನ್ನು ಕೂಡಿಸುವದಕ್ಕೆ ಫ್ರಾನ್ಸ್ ದೇಶದ ಅಬ್ಬೆ ದುಬುವಾ ಎಂಬ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದನು. ದೇಶದವರ ಉಡುಪನ್ನು ತೊಟ್ಟು, ದೇಶದವರ ಹಾಗೆ ಊಟಮಾಡುತ್ತಾ, ೧೮೨೩ರ ವರೆಗೆ ಈ ನಾಡಿನಲ್ಲಿದ್ದನು. ಜನರು ಅವನನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಏನೂ ಉಳಿಯಲಿಲ್ಲವೆಂದು ಕಂಡಲ್ಲಿಯೂ ಕೂಡಿಸುವದಕ್ಕೆ ಜನರು ಉಳಿದಿದ್ದರು. ಕರ್ತನ ಬಳಿಗೆ ಕೂಡಿಬರಬೇಕೆಂಬ ಹಂಬಲವು ಬೂದಿಯೊಳಗಿನ ಕೆಂಡದ ಹಾಗೆ ಉಳಿದಿತ್ತು.

ಇದಕ್ಕಿಂತ ಹಿಂದಿನ ಮತ್ತೊಂದು ಸಾಕ್ಷಿಯುಂಟು. ೩೦೪ರಲ್ಲಿ ದಿಯೋಕ್ಲೇತ್ಯನ ಹಿಂಸೆಯು ನಡೆಯುತ್ತಿದ್ದಾಗ, ಈಗಿನ ಟ್ಯೂನೀಷಿಯ ದೇಶದಲ್ಲಿದ್ದ ಅಬಿತಿನೆಯೆಂಬ ಊರಿನಲ್ಲಿ, ಅಪ್ಪಣೆಯನ್ನು ಮೀರಿ ಭಾನುವಾರ ಒಂದು ಮನೆಯಲ್ಲಿ ಕೂಡಿದ್ದಕ್ಕಾಗಿ ೪೯ ಮಂದಿ ಕ್ರೈಸ್ತರನ್ನು ಹಿಡಿದು ಕಾರ್ಥೇಜಿಗೆ ಕೊಂಡುಹೋದರು. ಅಧಿಪತಿಯು ವಿಚಾರಿಸಿದಾಗ ಆ ಮನೆಯ ಯಜಮಾನನಾದ ಎಮೆರಿತನು, ಬಂದವರು ತನ್ನ ಸಹೋದರರಾದ್ದರಿಂದ ಬಾರಬೇಡಿರೆಂದು ಹೇಳಲಾರದೆ ಹೋದೆನೆಂದೂ, ಕರ್ತನ ದಿನದ ಕೂಟವಿಲ್ಲದೆ ತಾವು ಇರಲಾರೆವೆಂದೂ ಉತ್ತರಕೊಟ್ಟನು. ಅವರು ಆ ಕೂಟಕ್ಕಾಗಿ ಪ್ರಾಣವನ್ನೇ ಕೊಟ್ಟರು. ನಮ್ಮಿಂದ ಕೇಳಲ್ಪಡುವದು ಒಂದು ಮುಂಜಾನೆ ಮಾತ್ರ.

ಇಷ್ಟು ದೂರ ಹೋಗುವದೇಕೆ? ೨೦೨೦ನೆಯ ವರುಷದಲ್ಲಿ ನಾವೇ ಇದರ ರುಚಿಯನ್ನು ಕಂಡೆವು. ಕೊರೋನ ವ್ಯಾಧಿಯ ನಿಮಿತ್ತ ಮಾರ್ಚ್ ತಿಂಗಳ ಕೊನೆಯಿಂದ ಜೂನ್ ೮ನೆಯ ತಾರೀಖಿನ ವರೆಗೆ ದೇವಾಲಯಗಳ ಬಾಗಿಲುಗಳು ಮುಚ್ಚಿದ್ದವು. ಏಪ್ರಿಲ್ ೧೨ನೆಯ ತಾರೀಖಿನ ಈಸ್ಟರ್ ಹಬ್ಬವನ್ನು ಪ್ರತಿಯೊಬ್ಬನು ತನ್ನ ತನ್ನ ಮನೆಯಲ್ಲಿ ಆಚರಿಸಿದನು. ಆಗ ಎಷ್ಟು ಮಂದಿ ಕಣ್ಣೀರು ಸುರಿಸಿದಿರಿ! ಬಾಗಿಲು ತೆರೆಯುವ ದಿನ ಯಾವದೆಂದು ಎಷ್ಟು ಸಾರಿ ನನ್ನನ್ನು ವಿಚಾರಿಸಿದಿರಿ! ಈಗ ಬಾಗಿಲು ತೆರೆದಿದೆ. ಆಗ ಕಣ್ಣೀರು ಸುರಿಸಿದವರಲ್ಲಿ ಕೆಲವರು ಇನ್ನೂ ಒಳಗೆ ಬಂದಿಲ್ಲ.

ನಾಲ್ಕನೆಯದು: ತೋಮನ ಬರಿದಾದ ಸ್ಥಳ.

ಕರ್ತನು ಎದ್ದ ಆ ಮೊದಲನೆಯ ಭಾನುವಾರ ಸಂಜೆ ಶಿಷ್ಯರು ಬಾಗಿಲು ಮುಚ್ಚಿಕೊಂಡು ಕೂಡಿದ್ದಾಗ ಆತನು ಬಂದು ಅವರ ನಡುವೆ ನಿಂತನು. ತೋಮನು ಅಲ್ಲಿರಲಿಲ್ಲ. ಯಾಕೆ ಇರಲಿಲ್ಲವೆಂದು ಯೋಹಾನನು ಬರೆಯಲಿಲ್ಲ. ದುಃಖದಿಂದಲೋ, ಬೇಸರದಿಂದಲೋ, ಕೆಲಸದಿಂದಲೋ ಎಂಬುದು ತಿಳಿಯದು. ಕಾರಣವು ಯಾವದಾದರೂ ನಷ್ಟವು ಒಂದೇ ಆಯಿತು. ಉಳಿದವರು ಸಂತೋಷದಿಂದಿರುವಾಗ ಅವನು ಎಂಟು ದಿವಸ ಸಂದೇಹದಲ್ಲಿ ಕಳೆದನು.

ಆದರೆ ಇಲ್ಲಿ ಎರಡು ಸಂಗತಿಗಳನ್ನು ನೋಡಿರಿ. ಉಳಿದ ಶಿಷ್ಯರು ಅವನನ್ನು ಹುಡುಕಿ, ಕರ್ತನನ್ನು ಕಂಡೆವೆಂದು ತಿಳಿಸಿದರು. ಬಾರದವನು ಬಾರದೆ ಹೋಗಲಿ ಎಂದು ಸುಮ್ಮನಿರಲಿಲ್ಲ. ಅವನು ನಂಬದೆ ಒರಟಾಗಿ ಉತ್ತರಕೊಟ್ಟಾಗಲೂ ಅವನನ್ನು ಹೊರಗೆ ಹಾಕಲಿಲ್ಲ. ಎರಡನೆಯದಾಗಿ, ಸಂದೇಹವು ತೀರದೆಯೇ ತೋಮನು ಮುಂದಿನ ಭಾನುವಾರ ಬಂದು ಕೂತನು. ಮೊದಲು ನಂಬಿಕೆ ಬರಲಿ, ಆಮೇಲೆ ಸಭೆಗೆ ಬರುತ್ತೇನೆಂದು ಅವನು ಹೇಳಿದ್ದರೆ ಎರಡನೆಯ ಸಾರಿಯೂ ಕರ್ತನನ್ನು ಕಾಣದೆ ಹೋಗುತ್ತಿದ್ದನು. ಕರ್ತನು ಅವನ ಒಬ್ಬನ ಮನೆಗೆ ಹೋಗಿ ಕಾಣಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಸಹೋದರರ ನಡುವೆಯೇ ತನ್ನ ಗಾಯಗಳನ್ನು ಅವನಿಗೆ ತೋರಿಸಿದನು. ಅವನ ಬಾಯಿಂದ ಹೊರಟ ಅರಿಕೆಯನ್ನು ಉಳಿದವರೆಲ್ಲರೂ ಕೇಳಿದರು. ಈ ವರೆಗೂ ನಾವು ಕೇಳುತ್ತಿದ್ದೇವೆ. ಹೀಗೆ ಅವನು ಇಲ್ಲದ್ದರಿಂದ ಅವನಿಗೆ ನಷ್ಟವಾದಂತೆ, ಅವನು ಬಂದದ್ದರಿಂದ ಸಭೆಗೆಲ್ಲಾ ಲಾಭವಾಯಿತು.

ಇನ್ನು ನಮ್ಮಲ್ಲಿ ಹೇಳಲ್ಪಡುವ ಕಾರಣಗಳನ್ನು ಪ್ರೀತಿಯಿಂದ ನೋಡೋಣ.

"ಕೂಲಿಗೆ ಹೋಗದಿದ್ದರೆ ಆ ದಿನದ ಒಲೆ ಉರಿಯದು" ಎಂಬವರಿದ್ದಾರೆ. ಇದು ನೆವವಲ್ಲ, ನಿಜವಾದ ಕಷ್ಟ. ಕೊನ್‌ಸ್ತಂತೀನ ಚಕ್ರವರ್ತಿಯು ೩೨೧ರಲ್ಲಿ ಭಾನುವಾರದ ವಿಶ್ರಾಂತಿಯನ್ನು ನ್ಯಾಯಸ್ಥಾನಗಳಿಗೂ ಪಟ್ಟಣದವರಿಗೂ ವಿಧಿಸಿದಾಗ, ಹದವು ತಪ್ಪಿ ಬೆಳೆಯು ಕೆಟ್ಟುಹೋದೀತೆಂದು ಬೇಸಾಯಗಾರರಿಗೆ ಹೊಲದ ಕೆಲಸವನ್ನು ಮಾಡುವದಕ್ಕೆ ಅನುಮತಿಯನ್ನು ಕೊಟ್ಟನು. ಬಡವನ ಕೂಲಿಯನ್ನು ಕಸಕೊಂಡು ಅವನನ್ನು ಭಕ್ತನನ್ನಾಗಿ ಮಾಡುವೆನೆಂದು ನಾನು ಹೇಳಲಾರೆನು. ಆದರೆ ಆ ತ್ರೋವದ ಜನರನ್ನು ನೆನಸಿರಿ. ಹೊತ್ತನ್ನು ಬದಲಾಯಿಸಬಹುದು, ಕೂಟವನ್ನು ಬಿಡಲಾಗದು. ಆದದರಿಂದ ಹೂವಿನ ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆಯ ಆರಾಧನೆಯಲ್ಲದೆ ಸಂಜೆ ಏಳು ಗಂಟೆಗೂ ಗಂಟೆಯನ್ನು ಬಾರಿಸುವೆನು. ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು ಬಂದರೆ ಸಾಕು. ಬಟ್ಟೆಯನ್ನು ಯಾರೂ ನೋಡುವದಿಲ್ಲ. ಪ್ರಸಂಗದಲ್ಲಿ ತೂಕಡಿಸಿದರೂ ನಾನು ಬೇಸರಪಡೆನು. ನಮ್ಮ ಮಂದಿರದಲ್ಲಿ ಮೂರನೆಯ ಅಂತಸ್ತಿಲ್ಲ. ವಯನಾಡಿನ ಕಡೆಗೆ ಶುಂಠಿಯ ಹೊಲಕ್ಕೂ ಕಾಫಿ ಕೊಯ್ಲಿಗೂ ಹೋಗುವವರು ಅಲ್ಲಿ ಹತ್ತಿರದ ಯಾವದಾದರೊಂದು ಸಭೆಯನ್ನು ವಿಚಾರಿಸಿಕೊಳ್ಳಲಿ. ಅದಿಲ್ಲದಿದ್ದರೆ ಶೆಡ್ಡಿನಲ್ಲಿಯೇ ಇಬ್ಬರು ಮೂವರು ಕೂಡಿ ಪ್ರಾರ್ಥಿಸಲಿ. ಆ ಸಂಖ್ಯೆಗೇ ಕರ್ತನ ವಾಗ್ದಾನವುಂಟಲ್ಲಾ.

ಹೊಲಗದ್ದೆಯುಳ್ಳವರಿಗೂ, ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಗಳಾಗಿರುವ ನಮ್ಮ ಸಭೆಯವರಿಗೂ ಒಂದು ಮಾತು. ನೀವು ಶುಭ್ರವಾದ ಬಟ್ಟೆಯನ್ನುಟ್ಟು ಮುಂದಿನ ಸಾಲಿನಲ್ಲಿ ಕೂತಿರುವಾಗ ನಿಮ್ಮ ಆಳು ನಿಮ್ಮ ಹೊಲದಲ್ಲಿ ಬಗ್ಗಿರುವದಾದರೆ, ಧರ್ಮೋಪದೇಶಕಾಂಡದ ಆಜ್ಞೆಯನ್ನು ನೀವು ಅರ್ಧ ಮಾತ್ರ ಕೈಕೊಂಡಿದ್ದೀರಿ. ಅವನು ಯಾವ ಮತದವನಾದರೂ ಅವನಿಗೆ ವಾರದಲ್ಲಿ ಒಂದು ದಿನ ಬಿಡುವನ್ನು ಕೊಡಿರಿ.

"ಮೊಬೈಲಿನಲ್ಲಿ ದೊಡ್ಡ ದೊಡ್ಡ ಬೋಧಕರ ಪ್ರಸಂಗಗಳನ್ನು ಕೇಳುತ್ತೇವೆ" ಎಂಬವರುಂಟು. ಕೇಳಿರಿ, ನನ್ನ ಪ್ರಸಂಗಕ್ಕಿಂತ ಅವು ಒಳ್ಳೆಯವಾಗಿರಬಹುದು. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರವೇ. ಆದರೆ ಆ ಬೋಧಕನು ನಿನ್ನ ಮಗುವಿಗೆ ಜ್ವರ ಬಂದದ್ದನ್ನು ಅರಿಯನು. ನೀನು ಬಾರದ್ದನ್ನು ಕಂಡು ಅವನು ನಿನ್ನ ಮನೆಯ ಬಾಗಿಲಿಗೆ ಬರನು. ನಿನ್ನ ಸ್ವರವೂ ಆ ವಿಧವೆಯ ಕಿವಿಗೆ ಬೀಳದು. ಆ ಪೆಟ್ಟಿಗೆಯಿಂದ ತಕ್ಕೊಳ್ಳುವದುಂಟು, ಕೊಡುವದಿಲ್ಲ. ಇಬ್ರಿಯರ ಪತ್ರಿಕೆಯನ್ನು ಬರೆದವನು ಒಟ್ಟಾಗಿ ಸೇರುವದನ್ನು ತೊರೆಯುವ ಅಭ್ಯಾಸವನ್ನು ಖಂಡಿಸುವಾಗ, ಸೇರದವನು ಒಳ್ಳೆಯ ಪ್ರಸಂಗವನ್ನು ಕಳಕೊಳ್ಳುವನೆಂದು ಹೇಳಲಿಲ್ಲ. ಒಬ್ಬರನ್ನೊಬ್ಬರು ಪ್ರೀತಿಗೂ ಸತ್ಕಾರ್ಯಕ್ಕೂ ಹುರಿದುಂಬಿಸುವದು ನಿಂತುಹೋಗುವದೆಂಬುದೇ ಅವನ ಚಿಂತೆ.

"ದೇವರು ಹೊಲದಲ್ಲಿಯೂ ಇದ್ದಾನಲ್ಲಾ" ಎಂಬವರಿಗೆ ನನ್ನ ಉತ್ತರವೇನಂದರೆ, ಇದ್ದಾನೆ. ಯೋಹಾನನು ಪತ್ಮೋಸ್ ದ್ವೀಪದಲ್ಲಿ ಸೆರೆಯವನಾಗಿ, ಸಭೆಗಳಿಂದ ದೂರದಲ್ಲಿದ್ದಾಗಲೂ ಕರ್ತನ ದಿನದಲ್ಲಿ ದರ್ಶನವನ್ನು ಕಂಡನು. ಆದರೆ ಆ ಒಂಟಿಗನಿಗೆ ಕೊಡಲ್ಪಟ್ಟ ಮಾತುಗಳು ಯಾರಿಗಾಗಿ? ಏಳು ಸಭೆಗಳಿಗಾಗಿ. ದೇವರು ಒಬ್ಬೊಬ್ಬನಿಗೆ ಕೊಡುವದನ್ನು ಎಲ್ಲರ ಪ್ರಯೋಜನಕ್ಕಾಗಿ ಕೊಡುತ್ತಾನೆ. ಹೊಲದಲ್ಲಿ ಆತನನ್ನು ಕಂಡವನು ಸಭೆಗೆ ಬಂದು ಅದನ್ನು ಹೇಳಲಿ.

ಕಡೆಯದಾಗಿ, ಬಾಯಿಬಿಟ್ಟು ಹೇಳದ ಕಾರಣವೊಂದುಂಟು. ಸಭೆಯಲ್ಲಿರುವ ಮತ್ತೊಬ್ಬನೊಡನೆ ಬದುವಿನ ವಿಷಯವಾಗಿಯೋ, ನೀರಿನ ವಿಷಯವಾಗಿಯೋ, ಮದುವೆಯ ವಿಷಯವಾಗಿಯೋ ಜಗಳವಾಗಿರುತ್ತದೆ. ಅವನ ಮುಖವನ್ನು ನೋಡಬಾರದೆಂದು ಇವನು ಬರುವದಿಲ್ಲ. ಸಹೋದರನೇ, ಆ ಜಗಳವು ಮನೆಯಲ್ಲಿ ಕೂತಿದ್ದರೆ ತೀರುವದಿಲ್ಲ. ಕರ್ತನ ಮೇಜಿನ ಒಂದು ಕಡೆಯಲ್ಲಿ ನೀನು, ಇನ್ನೊಂದು ಕಡೆಯಲ್ಲಿ ಅವನು ನಿಂತಾಗ, ಇಬ್ಬರೂ ಒಂದೇ ರೊಟ್ಟಿಗೆ ಕೈನೀಡಬೇಕಾಗುವದು. ಆ ಮೇಜಿಗೆ ಬರುವದಕ್ಕೆ ಮೊದಲು ನೀನಾಗಿಯೇ ಅವನ ಮನೆಗೆ ಹೋಗು. ಉಪದೇಶಿಯು ಸಂಗಡ ಬರಬೇಕೆಂದರೆ ನಾನು ಬರುವೆನು.

ಪ್ರಿಯರೇ, ಮುಂದಿನ ಶನಿವಾರ ಸಂಜೆ ಮೂರು ಕಾರ್ಯಗಳನ್ನು ಮಾಡಿರಿ. ಮರುದಿನಕ್ಕೆ ಬೇಕಾದ ನೀರನ್ನೂ ಸೌದೆಯನ್ನೂ ಮುಂಚಿತವಾಗಿ ಹೊಂದಿಸಿಟ್ಟುಕೊಳ್ಳಿರಿ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಮನೆಯ ಹೆಂಗಸರೇ ಆರಾಧನೆಯನ್ನು ಕಳಕೊಳ್ಳುವದು ಹೆಚ್ಚು. ಮಕ್ಕಳೊಡನೆ ಆ ಭಾನುವಾರದ ವೇದಭಾಗವನ್ನು ಓದಿರಿ. ಕಳೆದ ವಾರ ನಿಮ್ಮ ಪಕ್ಕದಲ್ಲಿ ಯಾರ ಸ್ಥಳವು ಬರಿದಾಗಿತ್ತೆಂದು ನೆನಸಿಕೊಂಡು ಅವರ ಬಾಗಿಲಿಗೆ ಹೋಗಿ, "ನಾಳೆ ಒಟ್ಟಿಗೆ ಹೋಗೋಣ ಬನ್ನಿ" ಎಂದು ಕರೆಯಿರಿ. ಯಾಕೆ ಬರಲಿಲ್ಲವೆಂದು ವಿಚಾರಣೆಮಾಡಬೇಡಿರಿ.

ನಾನಾದರೋ ಆ ದಿನದಿಂದ ಮಂದಿರದ ಇನ್ನೊಂದು ಬೀಗದ ಕೈಯನ್ನು ಮಾಡಿಸಿ ಆ ತಾಯಿಯ ಕೈಯಲ್ಲಿ ಕೊಟ್ಟಿದ್ದೇನೆ. ಮಳೆಯಿದ್ದರೂ ಬಿಸಿಲಿದ್ದರೂ ಭಾನುವಾರ ಮೊದಲು ಬಾಗಿಲನ್ನು ತೆರೆಯುವವಳು ಆಕೆಯೇ. ಈಗ ಆಕೆಯ ಕಣ್ಣು ಮಂಜಾಗಿದೆ, ಸ್ವರವೂ ಕುಗ್ಗಿದೆ. ಬಾಗಿಲು ತೆರೆದು ಒಳಗೆ ಕೂತುಕೊಂಡು ದಾರಿಯ ಕಡೆಗೆ ಕಿವಿಗೊಟ್ಟಿರುತ್ತಾಳೆ. ಆಕೆಯ ಸಂಗಡ ಹಾಡುವದಕ್ಕೆ ಯಾರು ಬರುವರು?

ಒಬ್ಬನೇ ಕುರುಬನ ಕೆಳಗೆ ಒಂದೇ ಹಿಂಡಾಗಿರಬೇಕೆಂದು ನಮ್ಮನ್ನು ಕರೆದ ಕರ್ತನು, ಚದರಿದವರನ್ನು ಕೂಡಿಸಿ, ದಣಿದವರಿಗೆ ವಿಶ್ರಾಂತಿಯನ್ನು ಕೊಟ್ಟು, ಮುನಿದವರನ್ನು ಸಮಾಧಾನಪಡಿಸಿ, ಮುಂದಿನ ಕರ್ತನ ದಿನದಲ್ಲಿ ನಮ್ಮ ನಮ್ಮ ಸ್ಥಳಗಳಲ್ಲಿ ನಮ್ಮನ್ನು ಕಾಣುವಂತೆ ಕೃಪೆಮಾಡಲಿ. ಆಮೆನ್.